ಕಡಲಂಚಿನ ಊರಿನ ಲೆಕ್ಕದ ಪುಸ್ತಕ

ಆ ಊರಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರೆ ‘ಹ್ಯಾಪಿಸ್‌ಬರ್ಗ್’ ಅಂತಾಗುತ್ತದೆ. ಕರೆಯುವುದು ಮಾತ್ರ ‘ಹೇಸ್‌ಬ್ರ’. ಮೊದಲ ಸಲ ನಾನು ರಸ್ತೆ ಬದಿಯ ಬೋರ್ಡು ನೋಡಿ ಗಟ್ಟಿಯಾಗಿ ಓದಿದಾಗ ಹಿಂದಿನ ಸೀಟಿನಲ್ಲಿದ್ದ ಮೊಮ್ಮಗ ಬಿದ್ದು ಬಿದ್ದು ನಕ್ಕ. “ಅಮ್ಮಮ್ಮ, ಹಾಗೆ ಹೇಳಿದ್ರೆ ಇಲ್ಲಿ ಯಾರಿಗೂ ಗೊತ್ತೇ ಆಗಲ್ಲ” ಅಂದ. ನಾನೂ ಬಿಡಲಿಲ್ಲ. “ನಮ್ಮ ಕಡೆ ಬೋರ್ಡಿನಲ್ಲಿ ಕುಂದಾಪುರ ಅಂತಿರುತ್ತೆ, ಬಾಯಲ್ಲಿ ಕುಂದಾಪ್ರ. ಊರು ಅಂದಮೇಲೆ ಎರಡು ಹೆಸರು ಇರಬೇಕು ಮಾರಾಯ” ಅಂದೆ. ಕಾರು ಓಡಿಸುತ್ತಿದ್ದ ಮಗಳು ನಮ್ಮಿಬ್ಬರ ಜಗಳಕ್ಕೆ ತಲೆ ಹಾಕಲಿಲ್ಲ.

ಇಂಗ್ಲೆಂಡಿನ ಪೂರ್ವಕ್ಕೆ ನಾರ್ಫೋಕ್ ಎಂಬ ಜಿಲ್ಲೆ. ಅದರ ಮುಖ್ಯ ಪಟ್ಟಣ ನಾರ್ವಿಚ್. ಅಲ್ಲಿನ ಆಸ್ಪತ್ರೆಯಲ್ಲಿ ಮಗಳಿಗೆ ಕೆಲಸ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಆರು ತಿಂಗಳ ಮಟ್ಟಿಗೆ ಅವಳ ಮನೆಗೆ ಹೋಗಿದ್ದೆ. ಅಡುಗೆ, ಒಗೆದ ಬಟ್ಟೆ ಮಡಚುವುದು, ಕಿಟಕಿಯಲ್ಲಿ ಮಳೆ ನೋಡುವುದು. ಇಷ್ಟರಲ್ಲಿ ಒಂದು ತಿಂಗಳು ಕಳೆಯಿತು. ಅಷ್ಟರಲ್ಲಿ ಮೊಮ್ಮಗ ಶಾಲೆಯಿಂದ ಒಂದು ಕೆಲಸ ತಂದ: ಹತ್ತಿರದ ಯಾವುದಾದರೂ ಒಂದು ಚಿಕ್ಕ ಊರನ್ನು ಆರಿಸಿಕೊಂಡು, ಅದರ ಚರಿತ್ರೆಯನ್ನು ನೀವೇ ಹುಡುಕಿ ಬರೆಯಬೇಕು. ಎಲ್ಲಿಂದ ಗೊತ್ತಾಯಿತು ಅನ್ನುವುದನ್ನೂ ಬರೆಯಬೇಕು.

ನಾನೂ ನನ್ನ ಮಕ್ಕಳಿಗೆ ‘ನಮ್ಮ ಊರು’ ಅಂತ ಪ್ರಬಂಧ ಬರೆಸಿದವಳೇ. ಎಲ್ಲರೂ ದೇವಸ್ಥಾನದ ಹೆಸರು, ಜಾತ್ರೆಯ ತಿಂಗಳು, ಜನಸಂಖ್ಯೆ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಎಲ್ಲಿಂದ ಗೊತ್ತಾಯಿತು ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಆ ಒಂದು ಸಾಲು ನನ್ನನ್ನು ಚುಚ್ಚಿತು. “ಅಮ್ಮಾ, ನೀವಿಬ್ಬರೂ ಸೇರಿ ಮಾಡಿ, ನಿಮಗೂ ಹೊತ್ತು ಹೋಗುತ್ತೆ” ಅಂದಳು ಮಗಳು. ಮನೆಯಿಂದ ಸುಮಾರು 30 ಕಿಲೋಮೀಟರ್ ದೂರದ, ಒಂಬೈನೂರು ಜನರ ಆಸುಪಾಸಿನ ಆ ಕಡಲ ತಡಿಯ ಊರನ್ನು ಆರಿಸಿದವನು ಮೊಮ್ಮಗ. ಅಲ್ಲಿ ಕೆಂಪು ಬಿಳಿ ಪಟ್ಟಿಯ ದೀಪಸ್ತಂಭ ಇದೆ ಅನ್ನುವುದಷ್ಟೇ ಅವನ ಕಾರಣ.

ಪ್ಯಾರಿಷ್ ಅಂದರೆ

ಅಲ್ಲಿನ ಹಳ್ಳಿಗಳ ಚರಿತ್ರೆ ಹುಡುಕುವವರು ಮೊದಲು ಹಿಡಿಯುವ ದಾರ ‘ಪ್ಯಾರಿಷ್’. ಒಂದು ಚರ್ಚಿಗೆ ಸೇರಿದ ಊರು, ಕೇರಿ, ಗದ್ದೆ ಎಲ್ಲ ಸೇರಿ ಒಂದು ಪ್ಯಾರಿಷ್. ನಮ್ಮ ಕರಾವಳಿಯಲ್ಲಿ ಒಂದು ದೇವಸ್ಥಾನಕ್ಕೆ ಇಷ್ಟು ಮಾಗಣೆ ಅಂತ ಇರುತ್ತದಲ್ಲ, ಹಾಗೆ. ಹುಟ್ಟು, ಮದುವೆ, ಸಾವು ಮಾತ್ರವಲ್ಲ, ಬಡವರಿಗೆ ಕಾಳು ಕೊಡುವುದು, ರಸ್ತೆ ದುರಸ್ತಿ, ಇವೆಲ್ಲ ಒಂದು ಕಾಲದಲ್ಲಿ ಪ್ಯಾರಿಷ್‌ನದೇ ಹೊಣೆ.

1538ರಲ್ಲಿ, ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆದೇಶ ಹೊರಡಿಸಿದ. ಪ್ರತಿಯೊಂದು ಪ್ಯಾರಿಷ್‌ನಲ್ಲೂ ಒಂದು ಪುಸ್ತಕ ಇಡಬೇಕು. ಅದರಲ್ಲಿ ನಾಮಕರಣದ ದೀಕ್ಷೆ, ಮದುವೆ, ಹೂಳಿದ್ದು ಈ ಮೂರನ್ನೂ ಬರೆಯಬೇಕು. ಜನ ಗೊಣಗಿದರಂತೆ, ಇದೇನೋ ಹೊಸ ತೆರಿಗೆಯ ಹುನ್ನಾರ ಅಂತ. ಎಷ್ಟೋ ಕಡೆ ಹುಳ ತಿಂದು, ನೀರು ಬಿದ್ದು ಹಾಳಾದವು. ಆದರೂ ಉಳಿದ ಪುಸ್ತಕಗಳಿಂದಾಗಿ ಇಂಗ್ಲೆಂಡಿನಲ್ಲಿ ಒಬ್ಬ ಸಾಮಾನ್ಯ ಕೂಲಿಯವನೂ ತನ್ನ ಮುತ್ತಜ್ಜನ ಮುತ್ತಜ್ಜನನ್ನು ಹುಡುಕಬಹುದು. ಸರ್ಕಾರವೇ ಜನನ ಮರಣ ನೋಂದಣಿ ಶುರುಮಾಡಿದ್ದು 1837ರಲ್ಲಿ. ಅಲ್ಲಿಯವರೆಗೆ ಈ ಚರ್ಚಿನ ಪುಸ್ತಕವೇ ಗತಿ.

ನಾರ್ವಿಚ್‌ನಲ್ಲಿ ಜಿಲ್ಲೆಯ ದಾಖಲೆಗಳನ್ನೆಲ್ಲ ಇಟ್ಟಿರುವ ನಾರ್ಫೋಕ್ ರೆಕಾರ್ಡ್ ಆಫೀಸ್ ಇದೆ. ಒಂದು ಶನಿವಾರ ಬೇಡ, ವಾರದ ದಿನವೇ ಹೋಗೋಣ ಅಂತ ಶಾಲೆಗೆ ರಜೆ ಇದ್ದ ದಿನ ಮೂವರೂ ಹೊರಟೆವು. ಪೆನ್ನು ಒಳಗೆ ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಚೀಲ ಹೊರಗಿನ ಪೆಟ್ಟಿಗೆಯಲ್ಲಿ. ಹಳೆಯ ರಿಜಿಸ್ಟರುಗಳ ಮೂಲ ಪ್ರತಿಯನ್ನು ಸುಮ್ಮನೆ ಕೈಗೆ ಕೊಡುವುದಿಲ್ಲ, ಅದರ ಚಿತ್ರಗಳನ್ನು ನೋಡಬೇಕು. ನನಗೇನೋ ಆ ಕೋಣೆಯ ನಿಶ್ಶಬ್ದ ನಮ್ಮ ದೇವಸ್ಥಾನದ ಮಧ್ಯಾಹ್ನದ ಹಾಗೆ ಅನ್ನಿಸಿತು. ಮೊಮ್ಮಗ ಮಾತ್ರ ಹತ್ತು ನಿಮಿಷಕ್ಕೇ “ಇದನ್ನ ಕೋಳಿ ಕೆರೆದು ಬರೆದದ್ದಾ?” ಅಂದ.

ಹೌದು, ಹಳೆಯ ಕೈಬರಹ ಓದುವುದು ಸುಲಭವಲ್ಲ. 1813ರಿಂದ ಅಚ್ಚಾದ ನಮೂನೆ ಬಂತು, ಕೋಷ್ಟಕದಲ್ಲಿ ತುಂಬಿದರೆ ಸಾಕು. ಅದಕ್ಕೂ ಮೊದಲು ಪಾದ್ರಿಯ ಮರ್ಜಿ. ಕೆಲವರು ಒಂದೇ ಸಾಲು ಬರೆದು ಮುಗಿಸುತ್ತಿದ್ದರು, ಕೆಲವರು ನೆರೆ ಬಂದದ್ದನ್ನೂ ಬರೆದಿಡುತ್ತಿದ್ದರು. ಅಲ್ಲಿನ ಸಿಬ್ಬಂದಿಯೊಬ್ಬರು ನಮಗೆ ಒಂದು ಉಪಾಯ ಹೇಳಿಕೊಟ್ಟರು. ಗೊತ್ತಿರುವ ಪದದಿಂದ ಶುರುಮಾಡಿ, ತಿಂಗಳ ಹೆಸರು ಹುಡುಕಿ, ಆಮೇಲೆ ಆ ಬರೆದವನ ‘ಎ’ ಹೇಗೆ, ‘ಆರ್’ ಹೇಗೆ ಅಂತ ತಿಳಿಯುತ್ತೆ ಅಂತ. ನಮ್ಮ ಶಾನುಭೋಗರ ಮೋಡಿ ಅಕ್ಷರ ಓದುವವರೂ ಹಾಗೇ ತಾನೇ ಕಲಿಯುವುದು?

ರಸ್ತೆಯ ಹೆಸರಾಗಿ ಉಳಿದ ಊರು

ರಿಜಿಸ್ಟರು ಜನರ ಕತೆ ಹೇಳಿದರೆ ನೆಲದ ಕತೆ ಹೇಳುವುದು ನಕಾಶೆ. 1836ರ ಕಾಯ್ದೆಯ ನಂತರ ಚರ್ಚಿಗೆ ಕೊಡುವ ಹತ್ತರಲ್ಲೊಂದು ಪಾಲಿನ ಬಾಬ್ತು ಅಳೆದು ಬರೆದ ‘ಟೈದ್’ ನಕಾಶೆಗಳಿವೆ. ಯಾವ ಗದ್ದೆ ಯಾರದು, ಯಾರು ಗೇಣಿಗೆ ಮಾಡುತ್ತಿದ್ದಾರೆ ಎಲ್ಲ ಅದರಲ್ಲುಂಟು. ಆಮೇಲಿನದು ಸರ್ಕಾರದ ಆರ್ಡ್‌ನೆನ್ಸ್ ಸರ್ವೇ ನಕಾಶೆಗಳು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಆ ಹಳೆಯ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಪುಕ್ಕಟೆ ನೋಡಲು ಇಟ್ಟಿದೆ. ಹಳೆಯ ನಕಾಶೆಯ ಕೆಳಗೆ ಈಗಿನ ಉಪಗ್ರಹ ಚಿತ್ರ ಇಟ್ಟು, ಒಂದು ಗುಂಡಿಯನ್ನು ಆಚೀಚೆ ಎಳೆದರೆ ಒಂದು ಮಾಯವಾಗಿ ಇನ್ನೊಂದು ಕಾಣುತ್ತದೆ.

ಮೊಮ್ಮಗನಿಗೆ ಇದು ಆಟವಾಯಿತು. ಎಳೆದ. ಗದ್ದೆಗಳು ಕಂಡವು, ಅಂಚಿನ ಬೇಲಿ ಕಂಡಿತು. ತಿರುಗಿ ಎಳೆದ. ಅದೇ ಗದ್ದೆಯ ಜಾಗದಲ್ಲಿ ನೀರು. “ಅಮ್ಮಮ್ಮ, ಇದು ಸಮುದ್ರ!” ಅಂತ ಕೂಗಿದ. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆ ತೀರದ ದಡ ಗಟ್ಟಿ ಬಂಡೆಯದಲ್ಲ. ಹಿಮಯುಗದಲ್ಲಿ ಬಂದು ಬಿದ್ದ ಜೇಡಿ, ಮರಳು. ಕೆಳಗಿನಿಂದ ಅಲೆ ಕೊರೆಯುತ್ತದೆ, ಮೇಲಿನಿಂದ ಮಳೆನೀರು ಇಳಿದು ಸಡಿಲ ಮಾಡುತ್ತದೆ, ಒಂದು ದಿನ ದೊಡ್ಡ ಹೆಂಟೆಯೇ ಕುಸಿಯುತ್ತದೆ. ಇದು ಇಂದು ನಿನ್ನೆಯದಲ್ಲ. 1086ರಲ್ಲಿ ರಾಜ ವಿಲಿಯಂ ಬರೆಸಿದ ಡೂಮ್ಸ್‌ಡೇ ಪುಸ್ತಕದಲ್ಲಿ ಇಲ್ಲೇ ಪಕ್ಕದಲ್ಲಿ ವಿಂಪ್‌ವೆಲ್ ಎಂಬ ಊರಿದೆ. ಈಗ ಆ ಊರಿಲ್ಲ. ಹ್ಯಾಪಿಸ್‌ಬರ್ಗ್‌ನಲ್ಲಿ ‘ವಿಂಪ್‌ವೆಲ್ ಸ್ಟ್ರೀಟ್’ ಅಂತ ಒಂದು ರಸ್ತೆ ಇದೆ, ಅಷ್ಟೇ. ಊರು ಹೋಯಿತು, ಊರಿಗೆ ಹೋಗುವ ರಸ್ತೆಯ ಹೆಸರು ಉಳಿಯಿತು.

ದಕ್ಷಿಣಕ್ಕೆ ಹೋದರೆ ಎಕಲ್ಸ್. ಅಲ್ಲಿನವರು 1605ರಲ್ಲಿ ತೆರಿಗೆ ಕಡಿಮೆ ಮಾಡಿ ಅಂತ ರಾಜನಿಗೆ ಅರ್ಜಿ ಕೊಟ್ಟರು. 300 ಎಕರೆ ಭೂಮಿಯನ್ನೂ, 14 ಬಿಟ್ಟು ಉಳಿದೆಲ್ಲ ಮನೆಗಳನ್ನೂ ಕಡಲು ತಿಂದಿತ್ತು. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಊರಿನ ಕತೆ ಬರೆದಿದ್ದಾನೆ. ಅಲ್ಲಿನ ಚರ್ಚಿನ ಗೋಪುರ ಒಂಟಿಯಾಗಿ ಮರಳಿನ ಮೇಲೆ ನಿಂತಿತ್ತು. 1895ರ ಜನವರಿಯ ಬಿರುಗಾಳಿಗೆ ಅದೂ ಬಿತ್ತು. ತೆರಿಗೆ ಮಾಫಿಯ ಅರ್ಜಿಯೂ ಚರಿತ್ರೆಯ ಆಧಾರ ಆಗುತ್ತೆ ನೋಡಿ ಅಂತ ನಾನು ಮೊಮ್ಮಗನ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ.

ಮಾರ್ಚ್ 16, 1801

ಮುಂದಿನ ಭಾನುವಾರ ಊರಿಗೇ ಹೋದೆವು. ಸೇಂಟ್ ಮೇರಿ ಚರ್ಚಿನ ಗೋಪುರ 110 ಅಡಿ. ಅಷ್ಟು ಚಿಕ್ಕ ಊರಿಗೆ ಅಷ್ಟು ಎತ್ತರದ ಗೋಪುರ ಯಾಕೆ ಅಂದರೆ, ಕಡಲಲ್ಲಿದ್ದವರಿಗೆ ಅದೇ ಗುರುತು. ಊರಿನೆದುರು ನೀರಿನಡಿಯಲ್ಲಿ ಉದ್ದುದ್ದ ಹೊಯ್ಗೆ ದಿಬ್ಬಗಳಿವೆ. ಮೇಲೆ ನೋಡಿದರೆ ಬರೀ ನೀರು. ಹಡಗಿನ ತಳ ತಾಗಿದರೆ ಮುಗಿಯಿತು. 1789ರ ಒಂದು ಬಿರುಗಾಳಿಗೆ ಈ ಕರಾವಳಿಯಲ್ಲಿ 70 ಹಡಗುಗಳು ಹೋದ ಮೇಲೆ ಇಲ್ಲಿ ದೀಪಸ್ತಂಭ ಕಟ್ಟಿದರು. ಆಗ ಎರಡು ಕಂಬಗಳಿದ್ದವು. ಕೆಳಗಿನದಕ್ಕೆ ಕಡಲು ಹತ್ತಿರ ಬಂದು 1883ರಲ್ಲಿ ಅದನ್ನು ನಿಲ್ಲಿಸಿದರು. ಉಳಿದದ್ದು ಈಗ ಕಾಣುವ ಒಂದೇ. ಅದನ್ನೂ ಮುಚ್ಚಲು ಹೊರಟಾಗ ಊರಿನವರು ಟ್ರಸ್ಟ್ ಕಟ್ಟಿಕೊಂಡು, 1990ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯ್ದೆ ಪಾಸು ಮಾಡಿಸಿ ತಾವೇ ವಹಿಸಿಕೊಂಡರು. ಬ್ರಿಟನ್ನಿನಲ್ಲಿ ಹೀಗೆ ಸ್ವತಂತ್ರವಾಗಿ ನಡೆಯುವ ದೀಪಸ್ತಂಭ ಇದೊಂದೇ.

ಅದೇ ದೀಪಸ್ತಂಭ ಬಂದು ಹತ್ತು ವರ್ಷ ಆಗಿತ್ತು ಅಷ್ಟೆ. 74 ತೋಪುಗಳ ಯುದ್ಧನೌಕೆ ‘ಇನ್ವಿನ್ಸಿಬಲ್’, ಅಂದರೆ ಅಜೇಯ, 1801ರ ಮಾರ್ಚ್ 16ರಂದು ಯಾರ್ಮತ್‌ನಿಂದ ಹೊರಟಿತು. ಕೋಪನ್‌ಹೇಗನ್ ಕಡೆ ಹೋಗುತ್ತಿದ್ದ ನೌಕಾಪಡೆಯನ್ನು ಸೇರಿಕೊಳ್ಳಬೇಕಿತ್ತು. ಅದೇ ದಿನ ಹ್ಯಾಮಂಡ್ ನೋಲ್ ಎಂಬ ದಿಬ್ಬಕ್ಕೆ ಹತ್ತಿತು. ಕೂವೆಮರ ಕಡಿದರು, ಭಾರ ಇಳಿಸಿದರು. ಹಡಗು ದಿಬ್ಬದಿಂದ ಬಿಡಿಸಿಕೊಂಡು ಆಳಕ್ಕೆ ತೇಲಿ ಹೋಗಿ ಮರುದಿನ ಬೆಳಿಗ್ಗೆ ಮುಳುಗಿತು. ಹತ್ತಿರವಿದ್ದ ಒಂದು ಮೀನುಗಾರಿಕೆ ದೋಣಿ ಕೆಲವರನ್ನು ಉಳಿಸಿತು. ಅಡ್ಮಿರಲ್ ಥಾಮಸ್ ಟಾಟಿ ಬದುಕಿದ. ಕ್ಯಾಪ್ಟನ್ ಜಾನ್ ರೆನಿ ಹೋದ. ಸುಮಾರು ಆರು ನೂರು ಜನರಲ್ಲಿ ಸತ್ತವರು ನಾನೂರಕ್ಕೂ ಹೆಚ್ಚು. ಆಮೇಲಿನ ವಿಚಾರಣೆಯಲ್ಲಿ ದಾರಿ ತೋರಿಸಬೇಕಾದ ಪೈಲಟ್ಟನ ಮೇಲೂ, ಹಡಗಿನ ಮಾಸ್ಟರ್ ಮೇಲೂ ತಪ್ಪು ಹೊರಿಸಿ ಅಡ್ಮಿರಲ್, ಕ್ಯಾಪ್ಟನ್ ಇಬ್ಬರನ್ನೂ ನಿರ್ದೋಷಿಗಳೆಂದರು.

ಹೆಣಗಳು ದಡಕ್ಕೆ ಬರತೊಡಗಿದವು. ಊರಿನವರು ಗಾಡಿಗಳಲ್ಲಿ ತಂದರು. ಚರ್ಚಿನ ಉತ್ತರದ ಅಂಗಳದಲ್ಲಿ ಒಂದೇ ದೊಡ್ಡ ಗುಂಡಿಯಲ್ಲಿ 119 ಮಂದಿಯನ್ನು ಹೂತರು. ಕಲ್ಲಿಲ್ಲ, ಹೆಸರಿಲ್ಲ. ಲೆಕ್ಕ ಮಾತ್ರ ಉಳಿಯಿತು.

ಇಲ್ಲಿ ಎರಡು ವಿಷಯ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಇಂಗ್ಲೆಂಡಿನ ಮೊದಲ ಜನಗಣತಿ ನಡೆದದ್ದು 1801ರ ಮಾರ್ಚ್ 10ರಂದು. ಅಂದರೆ ಹಡಗು ಒಡೆಯುವ ಆರು ದಿನ ಮೊದಲು! ಆಗ ತಲೆ ಎಣಿಸಿದರೇ ಹೊರತು ಎಲ್ಲರ ಹೆಸರು ಬರೆದುಕೊಂಡದ್ದು 1841ರ ಗಣತಿಯಿಂದ. ಎಷ್ಟು ತಲೆ ಅಂತ ಊರವರನ್ನು ಎಣಿಸಿ ವಾರವಾಗುವ ಮೊದಲೇ ಪರವೂರಿನವರ ತಲೆ ಎಣಿಸಬೇಕಾಯಿತು.

ಎರಡನೆಯದು ಇದಕ್ಕಿಂತ ದೊಡ್ಡದು. ದಡಕ್ಕೆ ಬಂದ ಅನಾಥ ಹೆಣವನ್ನು ಪ್ಯಾರಿಷ್ ತನ್ನ ಮಸಣದಲ್ಲಿ ಹೂಳಲೇಬೇಕು ಅನ್ನುವ ಕಾನೂನು ಆಗ ಇರಲೇ ಇಲ್ಲ. 1807ರಲ್ಲಿ ಕಾರ್ನ್‌ವಾಲ್ ತೀರದಲ್ಲಿ ‘ಆನ್ಸನ್’ ಎಂಬ ಹಡಗು ಒಡೆದು, ಸತ್ತವರನ್ನು ಮಂತ್ರ ಪ್ರಾರ್ಥನೆ ಏನೂ ಇಲ್ಲದೆ ದಡದ ಗುಡ್ಡದಲ್ಲೇ ಗುಂಡಿ ತೋಡಿ ಹಾಕಿದ್ದನ್ನು ನೋಡಿ ಜನರಿಗೆ ಬೇಜಾರಾಗಿ, 1808ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಅದರ ಏಳು ವರ್ಷ ಮೊದಲೇ, ಯಾರೂ ಹೇಳದೆ, ಈ ಬಡ ಊರಿನವರು 119 ಜನರನ್ನು ತಮ್ಮ ಹಿರಿಯರ ಪಕ್ಕದಲ್ಲಿ ಮಲಗಿಸಿದ್ದರು. ಅದಕ್ಕೂ ಹಿಂದೆ, 1770ರಲ್ಲಿ ‘ಪೆಗಿ’ ಎಂಬ ಹಡಗು ದಡಕ್ಕೆ ಬಡಿದಾಗಲೂ 32 ಮಂದಿಯನ್ನು ಇದೇ ಅಂಗಳದಲ್ಲಿ ಹೂತಿದ್ದರು.

ಆ ದೊಡ್ಡ ಗುಂಡಿ ಎಲ್ಲಿದೆ ಅಂತ ಕಾಲಕ್ರಮೇಣ ಮರೆತೇ ಹೋಗಿತ್ತು. 1988ರಲ್ಲಿ ನೀರು ಹರಿಯಲು ಕಾಲುವೆ ತೋಡುವಾಗ ಮೂಳೆಗಳು ಸಿಕ್ಕವು. 1998ರಲ್ಲಿ, ಅದೇ ‘ಇನ್ವಿನ್ಸಿಬಲ್’ ಹೆಸರಿನ ಹೊಸ ಕಾಲದ ವಿಮಾನವಾಹಕ ನೌಕೆಯವರೂ ಊರಿನ ಚರ್ಚೂ ಸೇರಿ ನೆನಪಿನ ಕಲ್ಲು ನಿಲ್ಲಿಸಿದರು. 197 ವರ್ಷ ಕಳೆದ ಮೇಲೆ.

ಮೊಮ್ಮಗ ಆ ಕಲ್ಲಿನ ಮುಂದೆ ನಿಂತು ಕೇಳಿದ: “ಅವರ ಮನೆಯವರಿಗೆ ಯಾರು ಹೇಳಿದ್ರು?”

ಮೂವತ್ತು ವರ್ಷ ಪಾಠ ಮಾಡಿದವಳ ಬಾಯಿಗೆ ಉತ್ತರ ಬರಲಿಲ್ಲ. ಸಂಬಳ ಕೊಡಲು ನೌಕಾಪಡೆ ಹಡಗಿನಲ್ಲಿದ್ದ ಒಬ್ಬೊಬ್ಬರ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಬರೆಯುತ್ತಿತ್ತು, ಅಂಥ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ ಅಂತ ವಿವರಿಸಿದೆ. ಹಡಗಿಗೆ ಹತ್ತಿದವರ ಹೆಸರು ಒಂದು ಕಡೆ, ದಡಕ್ಕೆ ಬಂದವರ ಲೆಕ್ಕ ಇನ್ನೊಂದು ಕಡೆ. ಎರಡನ್ನೂ ಜೋಡಿಸಿ ಇವನು ಇಂಥವನು ಅನ್ನಲು ದಾರಿಯಿಲ್ಲ. ಅವನು ತಲೆಯಾಡಿಸಿದ. ಆದರೆ ಅವನು ಕೇಳಿದ್ದು ಅದನ್ನಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಎರಡು ವಾರದ ಹೆಜ್ಜೆ, ಎರಡು ದಶಕದ ಬೀದಿ

ಊರಿನ ಬಗ್ಗೆ ಹಗುರದ ಸಂಗತಿಗಳೂ ಇವೆ. 1903ರಲ್ಲಿ ಷೆರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಇಲ್ಲಿನ ಹಿಲ್ ಹೌಸ್ ಹೋಟೆಲಿನಲ್ಲಿ ಉಳಿದಿದ್ದ. ಕುಣಿಯುವ ಗೊಂಬೆಗಳ ಚಿತ್ರಲಿಪಿಯ ಕತೆ ‘ಡ್ಯಾನ್ಸಿಂಗ್ ಮೆನ್’ ಹುಟ್ಟಿದ್ದು ಆ ದಿನಗಳಲ್ಲಿ. ಮೊಮ್ಮಗನಿಗೆ ಅದಕ್ಕಿಂತ ಹಿಡಿಸಿದ್ದು ಹೆಜ್ಜೆಗಳ ಕತೆ. 2013ರ ಮೇ ತಿಂಗಳಲ್ಲಿ ಅಲೆ ಮರಳನ್ನು ಎಳೆದುಕೊಂಡು ಹೋದಾಗ, ಕೆಳಗಿನ ಹಳೆಯ ಕೆಸರಿನ ಪದರದಲ್ಲಿ ಸುಮಾರು 50 ಗುಳಿಗಳು ಕಂಡವು. ಪರೀಕ್ಷಿಸಿದರೆ ಮನುಷ್ಯರ ಹೆಜ್ಜೆ! ದೊಡ್ಡವರದು, ಮಕ್ಕಳದು. ಸುಮಾರು ಎಂಟು ಲಕ್ಷ ವರ್ಷಕ್ಕೂ ಹಳೆಯವು. ಆಫ್ರಿಕಾದ ಹೊರಗೆ ಸಿಕ್ಕವುಗಳಲ್ಲಿ ಅಷ್ಟು ಹಳೆಯವು ಅಲ್ಲಿಯವರೆಗೆ ಯಾವುದೂ ಇರಲಿಲ್ಲ. ಭರತದ ನೀರು ಬರುವ ಮೊದಲು, ಸುರಿಯುವ ಮಳೆಯಲ್ಲಿ ಗುಳಿಯ ನೀರು ತೆಗೆದು ತೆಗೆದು ವಿಜ್ಞಾನಿಗಳು ಫೋಟೊ ತೆಗೆದರು. ಎರಡು ವಾರದೊಳಗೆ ಕಡಲು ಎಲ್ಲವನ್ನೂ ಅಳಿಸಿ ಹಾಕಿತು. ಈಗ ಇರುವುದು ಆ ಚಿತ್ರಗಳು ಮಾತ್ರ. ಕೊರೆಯುವ ಕಡಲೇ ತೋರಿಸಿತು, ಅದೇ ಒಯ್ದಿತು.

ಆಮೇಲೆ ಬೀಚ್ ರೋಡಿಗೆ ನಡೆದೆವು. 1953ರ ಜನವರಿ 31ರ ರಾತ್ರಿ ಇಂಗ್ಲೆಂಡಿನ ಪೂರ್ವ ತೀರದಲ್ಲಿ ಕಡಲು ನುಗ್ಗಿ 307 ಜನ ಸತ್ತ ಮೇಲೆ, ಐವತ್ತರ ದಶಕದ ಕೊನೆಗೆ ಇಲ್ಲಿ ಮರದ ತಡೆಬೇಲಿ ಹಾಕಿದ್ದರು. ತೊಂಬತ್ತರ ದಶಕದಲ್ಲಿ ಅದು ಮುರಿದು ಬೀಳುತ್ತ ಹೋಯಿತು. ಇಡೀ ತೀರಕ್ಕೆ ಗೋಡೆ ಕಟ್ಟುವಷ್ಟು ದುಡ್ಡಿಲ್ಲ, ಇಲ್ಲಿ ಕಡಲು ಬಂದಷ್ಟು ಬರಲಿ ಅನ್ನುವುದು ಸರ್ಕಾರದ ಯೋಜನೆ. ಮನೆಗಳು ಒಂದೊಂದೇ ಅಂಚಿಗೆ ಬಂದವು. ಕಡಲು ಕೊರೆದುಕೊಂಡು ಹೋದ ಮನೆಗೆ ಪರಿಹಾರ ಅಂತ ಅಲ್ಲಿ ಕಾನೂನಿನಲ್ಲಿಲ್ಲ. ಕೊನೆಗೆ ಒಂದು ವಿಶೇಷ ಯೋಜನೆಯಲ್ಲಿ ಬೀಚ್ ರೋಡಿನ ಒಂಬತ್ತು ಮನೆಗಳನ್ನು, ಅಪಾಯ ಇಲ್ಲದಿದ್ದರೆ ಬರುತ್ತಿದ್ದ ಬೆಲೆಯ ಸುಮಾರು ಅರ್ಧ ಕೊಟ್ಟು ಕೊಂಡು, 2012ರ ಹೊತ್ತಿಗೆ ಕೆಡವಿ ಹಾಕಿದರು.

ರಸ್ತೆ ತಟಕ್ಕನೆ ನಿಲ್ಲುತ್ತದೆ. ಮುಂದೆ ಗಾಳಿ. ನಾಯಿ ಹಿಡಿದುಕೊಂಡು ಬಂದ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ನೋಡಿ ನಿಂತರು. ನಾವು ಯಾಕೆ ಬಂದದ್ದು ಅಂತ ಮಗಳು ಹೇಳಿದಳು. ಅವರು ಕೈ ಎತ್ತಿ ಅಂಚಿನಿಂದಾಚೆಗೆ, ಏನೂ ಇಲ್ಲದ ಕಡೆಗೆ ತೋರಿಸಿದರು. ಅಲ್ಲಿ ಅವರ ಗೆಳತಿಯ ಅಡುಗೆಮನೆ ಇತ್ತಂತೆ. ಕಿಟಕಿ ಹತ್ತಿರದ ಮೇಜಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರಂತೆ. ಬಲಕ್ಕೆ ಯಾರ ಮನೆ, ಎಡಕ್ಕೆ ಯಾರ ಮನೆ, ಯಾವ ಮನೆಯ ಎದುರು ಎಂಥ ಹೂವಿನ ಗಿಡ, ಎಲ್ಲ ಹೇಳಿದರು. ಗೋಡೆಗಳಿರುವ ಹಾಗೆಯೇ ಕೈ ತಿರುಗಿಸುತ್ತಿದ್ದರು. ಮೊಮ್ಮಗ ಅವರ ಅನುಮತಿ ಕೇಳಿ ಬರೆದುಕೊಂಡ. ಬಾಯಿಮಾತೂ ಆಧಾರವೇ ಅಂತ ನಾನು ಹೇಳಿಕೊಟ್ಟಿದ್ದೆ.

ಅವರ ಕೈ ಹಾಗೆ ಗಾಳಿಯಲ್ಲಿ ತಿರುಗಿದಾಗ ನನಗೆ ನನ್ನ ಅಮ್ಮನ ನೆನಪಾಯಿತು. ಅಮ್ಮನಿಗೆ 86. ಕುಂದಾಪುರದಿಂದ ಉತ್ತರಕ್ಕೆ ಕಡಲ ದಂಡೆಯಲ್ಲಿ ನಮ್ಮ ಮನೆ. ನಾನು ಚಿಕ್ಕವಳಿರುವಾಗ ಮನೆಗೂ ಕಡಲಿಗೂ ನಡುವೆ ಎರಡು ಸಾಲು ತೆಂಗು, ಒಂದು ಹೊನ್ನೆ ಮರ, ಬಲೆ ಒಣಗಿಸುವ ಬಯಲು, ಆಚೆ ನಾಲ್ಕು ಮನೆ ಇದ್ದವು. ಮಳೆಗಾಲ ಬಂತೆಂದರೆ ಕಡಲ್ಕೊರೆತ. ಒಂದು ವರ್ಷ ಎರಡು ಮರ, ಇನ್ನೊಂದು ವರ್ಷ ಒಂದು ಬಾವಿ. ಈಗ ಕಲ್ಲಿನ ತಡೆಗೋಡೆ ನಮ್ಮ ಅಂಗಳದ ತುದಿಯಲ್ಲೇ ಇದೆ. ಅಮ್ಮನೂ ಜಗಲಿಯಲ್ಲಿ ಕೂತು ಹೀಗೇ ಕೈ ತೋರಿಸಿ ಹೇಳುತ್ತಾಳೆ, ನಾವು ಹೂಂ ಹೂಂ ಅನ್ನುತ್ತ ಮೊಬೈಲ್ ನೋಡುತ್ತೇವೆ.

ಹೆಚ್ಚಿನ ಒಂದು ಎಲೆ

ಆ ರಾತ್ರಿ ಅಮ್ಮನಿಗೆ ಫೋನು ಮಾಡಿದೆ. ಅಲ್ಲಿ ಬೆಳಗಿನ ಜಾವ, ಅವಳು ಎದ್ದೇ ಇದ್ದಳು. 119 ಜನರ ಕತೆ ಹೇಳಿದೆ. ಅವಳು ಸುಮ್ಮನೆ ಕೇಳಿದಳು. ಆಮೇಲೆ, “ನಮ್ಮಲ್ಲೂ ಒಬ್ಬ ಬಂದಿದ್ದ, ನಿಂಗೆ ನೆನಪಿತ್ತಾ?” ಅಂದಳು.

ಮಸುಕಾಗಿ ನೆನಪಿತ್ತು. ನನಗಾಗ ಏಳು ವರ್ಷ. ಜನ ಓಡಿದ್ದು, ನಮ್ಮನ್ನು ಒಳಗೆ ಕೂಡಿಹಾಕಿದ್ದು. ಉಳಿದದ್ದನ್ನು ಅಮ್ಮ ಹೇಳಿದಳು. ಜೋರು ಮಳೆಗಾಲ. ಹೆಣ ಯಾವ ಊರಿನದೋ ಗೊತ್ತಿಲ್ಲ. ಪೊಲೀಸರು ಬಂದು ಬರೆದುಕೊಂಡು ಹೋದರು. ಎರಡು ದಿನ ಕಾದರೂ ಯಾರೂ ಹುಡುಕಿಕೊಂಡು ಬರಲಿಲ್ಲ. ಕೇರಿಯವರೇ ಸೇರಿ ಹೊನ್ನೆ ಮರದ ಆಚೆ ಗುಂಡಿ ತೋಡಿ ಹೂತರು. “ಅವ್ನ್ ಸ್ವಂಟದ ದಾರದಗೆ ಒಂದ್ ಸಣ್ಣ ಬೀಗದ ಕೈ ಇದ್ದಿತ್. ಯಾವ್ ಪೆಟ್ಗಿದೋ, ಯಾವ್ ಮನಿದೋ” ಅಂದಳು ಅಮ್ಮ.

ಹೊನ್ನೆ ಮರ ಹೋಗಿ ಎಷ್ಟೋ ವರ್ಷವಾಯಿತು. ಆ ಜಾಗದಲ್ಲಿ ಈಗ ನೀರು.

“ಮಹಾಲಯ ಅಮಾಸಿಗೆ ನಿನ್ನ ಅಪ್ಪಯ್ಯ ಒಂದ್ ಎಲಿ ಹೆಚ್ಚಿಗೆ ಹಾಕ್ತಿದ್ರಲ್ಲ, ಅದ್ ಅವ್ನಿಗೆ.”

ನಾನು ಫೋನು ಹಿಡಿದುಕೊಂಡೇ ಕೂತೆ. ಆ ಎಲೆಯನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಅಜ್ಜನಿಗೆ ಒಂದು, ಅಜ್ಜಿಗೆ ಒಂದು, ಹೀಗೆ ಹಿರಿಯರ ಎಲೆಗಳ ಸಾಲಿನ ತುದಿಯಲ್ಲಿ, ಸ್ವಲ್ಪ ದೂರಕ್ಕೆ ಒಂದು. ಅದು ಯಾರಿಗೆ ಅಂತ ಕೇಳಿದ್ದೇ ಇಲ್ಲ. ಅಪ್ಪಯ್ಯ ತೀರಿಕೊಂಡು ಹದಿನಾಲ್ಕು ವರ್ಷ. ತಮ್ಮ ಈಗ ಶಾಸ್ತ್ರ ಮಾಡುತ್ತಾನೆ, ಅವನಿಗೂ ಗೊತ್ತಿಲ್ಲ. ಎಲೆ ಹಾಕುವುದು ನಿಂತಿದೆ. ಯಾಕೆ ಹೇಳಲಿಲ್ಲ ಅಮ್ಮ ಅಂತ ಕೇಳಿದರೆ, “ನೀವ್ ಕೇಂಬ್ಕಿಲ್ಯಲೆ” ಅಂದಳು. ಕೇಳಲಿಲ್ಲವಲ್ಲ, ಅಂತ.

ಮೊಮ್ಮಗನ ಪ್ರಶ್ನೆ ನೆನಪಿಸಿ, “ಅವನ ಮನೆಯವರಿಗೆ ಕಡೆಗೂ ಗೊತ್ತಾಗಲೇ ಇಲ್ವಾ?” ಅಂದೆ. “ಗೊತ್ತಾಪುದ್ ಹ್ಯಾಂಗ್? ಅದಕ್ಕೇ ಅಲ್ದಾ ನಾವಾರೂ ಬಡಿಸ್ಕ್ ಅಂದದ್ದ್” ಅಂದಳು.

ಮೊಮ್ಮಗನ ಕೆಲಸ ಹದಿನೆಂಟು ಪುಟಕ್ಕೆ ಮುಗಿಯಿತು. ಕೊನೆಯ ಪುಟದಲ್ಲಿ ಹೆಸರು ಬರೆಯಲು ಇಲ್ಲವಲ್ಲ ಅಂತ 119 ಚಿಕ್ಕ ಗೆರೆ ಎಳೆದಿದ್ದ. ಟೀಚರ್ ಬುದ್ಧಿ ಬಿಡುತ್ತದೆಯೇ, ನಾನು ಎಣಿಸಿದೆ. 117 ಇದ್ದವು. “ಇನ್ನಿಬ್ಬರು ಎಲ್ಲಿ?” ಅಂದೆ. ನಾಚಿಕೊಂಡು ಎರಡು ಗೆರೆ ಸೇರಿಸಿದ.

ನಾನೂ ಒಂದು ನೋಟ್‌ಬುಕ್ ಕೊಂಡೆ. ಅಲ್ಲಿಂದಲೇ ಶುರುಮಾಡಿದೆ. ದಿನಾ ಫೋನಿನಲ್ಲಿ ಅರ್ಧ ಗಂಟೆ ಅಮ್ಮ ಹೇಳುವುದು, ನಾನು ಬರೆಯುವುದು. ಬರೆದದ್ದರ ಪಕ್ಕದಲ್ಲಿ ಯಾರು ಹೇಳಿದ್ದು, ಯಾವ ದಿನ ಹೇಳಿದ್ದು ಅಂತ ಹಾಕುತ್ತೇನೆ. ಕಡಲಿಗೆ ಹೋದ ನಾಲ್ಕು ಮನೆಗಳ ಯಜಮಾನರ ಹೆಸರು, ಬಾವಿಯ ಜಾಗ, ತೆಂಗಿನ ಮರಗಳ ಲೆಕ್ಕ. ದೋಣಿ ಮಗುಚಿ ಹೋದವರ ಹೆಸರುಗಳು. ಊರಿಗೆ ಬಂದ ಮೇಲೆ ಪಂಚಾಯ್ತಿ, ತಾಲ್ಲೂಕು ಕಚೇರಿಗೆ ಹೋಗಿ ಹಳೆಯ ಸರ್ವೆ ನಕಾಶೆಯನ್ನೂ ಕೇಳಿದ್ದೇನೆ. ಅಮ್ಮ ಕೆಲವೊಮ್ಮೆ ನಿನ್ನೆ ಹೇಳಿದ್ದಕ್ಕೆ ಇವತ್ತು ಬೇರೆ ಹೇಳುತ್ತಾಳೆ. ಎರಡನ್ನೂ ಬರೆಯುತ್ತೇನೆ.

ನಿಮ್ಮ ಮನೆಯಲ್ಲೂ ಹೀಗೆ ಜಗಲಿಯಲ್ಲಿ ಕೂತು ಕೈ ತೋರಿಸುವವರು ಇದ್ದರೆ, ಇವತ್ತೇ ಒಂದು ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಚರಿತ್ರೆ ಅಂತ ದೊಡ್ಡ ಹೆಸರು ಬೇಡ. ಅದು ಯಾರ ಎಲೆ, ಅಂತ ಕೇಳಿದರೂ ಸಾಕು.

ಕಳೆದ ಮಹಾಲಯಕ್ಕೆ ನಾನು ಊರಲ್ಲಿದ್ದೆ. ತಮ್ಮನಿಗೆ ಎಲ್ಲ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ತೋಟಕ್ಕೆ ಹೋಗಿ ಇನ್ನೊಂದು ಬಾಳೆ ಎಲೆ ಕೊಯ್ದು ತಂದ.